ರಿಪೋರ್ಟು ನಾರ್ಮಲ್ ಎಂದ ಮೇಲೆ: ಕನ್ವರ್ಷನ್ ಡಿಸಾರ್ಡರ್‌ಗೆ ಮಾತಿನ ಚಿಕಿತ್ಸೆ

ಎಂಆರ್‌ಐ ಸರಿಯಾಗಿದೆ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಸರಿಯಾಗಿದೆ, ರಕ್ತಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ. ಆದರೂ ಕಾಲು ಏಳುತ್ತಿಲ್ಲ, ಅಥವಾ ವಾರದಲ್ಲಿ ಹಲವು ಸಲ ಫಿಟ್ಸಿನಂಥದ್ದು ಬರುತ್ತಿದೆ. ನರರೋಗ ವಿಭಾಗದಿಂದ ನನ್ನಂಥ ಕ್ಲಿನಿಕಲ್ ಸೈಕಾಲಜಿಸ್ಟರ ಕೊಠಡಿಗೆ ಬರುವ ಚೀಟಿಗಳಲ್ಲಿ ಇಷ್ಟನ್ನು ಬರೆದು, ಕೊನೆಗೆ ‘ಕನ್ವರ್ಷನ್ ಡಿಸಾರ್ಡರ್’ ಎಂಬ ಎರಡು ಪದಗಳ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿರುತ್ತಾರೆ. ಚೀಟಿ ಹಿಡಿದು ಬರುವ ಮನೆಯವರಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಮೊದಲನೆಯದನ್ನು ರೋಗಿಯನ್ನು ಹೊರಗೆ ಕೂರಿಸಿ ತಗ್ಗಿದ ದನಿಯಲ್ಲಿ ಕೇಳುತ್ತಾರೆ: ‘ಕಾಯಿಲೆ ಇಲ್ಲ ಅಂದ್ರೆ ಇವಳು ಬೇಕಂತಲೇ ಮಾಡ್ತಿದ್ದಾಳಾ ಮೇಡಂ?’ ಎರಡನೆಯದು ಸ್ವಲ್ಪ ಅಸಹನೆಯದು: ‘ಬರೀ ಮಾತಾಡಿದ್ರೆ ಬಿದ್ದುಹೋಗಿರೋ ಕಾಲು ಹೇಗೆ ಎದ್ದು ನಿಲ್ಲತ್ತೆ?’ ಈ ಬರಹ ಮುಖ್ಯವಾಗಿ ಎರಡನೆಯ ಪ್ರಶ್ನೆಗೆ ಉತ್ತರ. ಆದರೆ ಮೊದಲನೆಯದನ್ನು ಬಗೆಹರಿಸದೆ ಎರಡನೆಯದಕ್ಕೆ ಹೋಗಲು ಸಾಧ್ಯವಿಲ್ಲ. ಆಸ್ಪತ್ರೆಯಲ್ಲೂ ಸಾಧ್ಯವಿಲ್ಲ, ಬರಹದಲ್ಲೂ ಇಲ್ಲ.

ಕೈಕಾಲಿನ ಬಲ ಹೋಗುವುದು, ನಡುಕ, ನಡಿಗೆ ತಪ್ಪುವುದು, ದನಿ ನಿಂತುಹೋಗುವುದು, ಕಣ್ಣು ಕಾಣಿಸದಂತಾಗುವುದು, ಮೈಯ ಒಂದು ಭಾಗಕ್ಕೆ ಸ್ಪರ್ಶ ತಿಳಿಯದಿರುವುದು, ಮೂರ್ಛೆರೋಗದಂತೆಯೇ ಕಾಣುವ ಫಿಟ್ಸ್ — ಇವೆಲ್ಲವೂ ಈ ಕಾಯಿಲೆಯ ರೂಪಗಳು. ನರಮಂಡಲದ ರಚನೆಯಲ್ಲಿ ಇದನ್ನು ವಿವರಿಸಬಲ್ಲ ಗಾಯವಾಗಲಿ ಗಡ್ಡೆಯಾಗಲಿ ಕಾಣುವುದಿಲ್ಲ. ಅದು ಕೆಲಸ ಮಾಡುವ ಕ್ರಮದಲ್ಲಿ ಏರುಪೇರಾಗಿರುತ್ತದೆ. ಹಿಂದೆ ಹಿಸ್ಟೀರಿಯಾ ಎನ್ನುತ್ತಿದ್ದುದನ್ನು ಈಗಿನ ನರರೋಗ ತಜ್ಞರು ಹೆಚ್ಚಾಗಿ ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್, ಚಿಕ್ಕದಾಗಿ ಎಫ್‌ಎನ್‌ಡಿ, ಎನ್ನುತ್ತಾರೆ. ರೋಗಿ ಬೇಕೆಂದು ಮಾಡುವುದಲ್ಲ ಎಂಬುದೇ ಈ ರೋಗನಿರ್ಣಯದ ತಿರುಳು. ಬೇಕೆಂದು ನಟಿಸುವುದು ಬೇರೆಯೇ ಸಂಗತಿ. ಅದಕ್ಕೆ ವೈದ್ಯಶಾಸ್ತ್ರದಲ್ಲಿ ಬೇರೆ ಹೆಸರುಗಳಿವೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ವೈದ್ಯರವರೆಗೂ ಹರಡಿದೆ: ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದಾಗ ಉಳಿಯುವ ಹೆಸರೇ ಕನ್ವರ್ಷನ್ ಎಂಬುದು. ಇದು ಹಳೆಯ ಕ್ರಮ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯಕೀಯ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಮ್-5 ಕೈಪಿಡಿಯ ಪ್ರಕಾರ, ಈ ಲಕ್ಷಣಗಳು ಗೊತ್ತಿರುವ ನರರೋಗಗಳ ರೀತಿಗೆ ಹೊಂದುವುದಿಲ್ಲ ಎಂಬುದಕ್ಕೆ ಪರೀಕ್ಷೆಯಲ್ಲಿ ನೇರವಾದ ಕುರುಹು ಸಿಗಬೇಕು. ಅಂಥ ಕುರುಹುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ್ದು. ರೋಗಿಯನ್ನು ಅಂಗಾತ ಮಲಗಿಸಿ, ಬಲವಿಲ್ಲದ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ ಎಂದರೆ ಒತ್ತಲಾಗುವುದಿಲ್ಲ. ಆದರೆ ಇನ್ನೊಂದು ಕಾಲನ್ನು ವೈದ್ಯರ ಕೈಯ ತಡೆಗೆ ಎದುರಾಗಿ ಮೇಲೆತ್ತಿ ಎಂದಾಗ, ಬಲವಿಲ್ಲವೆಂದ ಅದೇ ಹಿಮ್ಮಡಿ ತಾನಾಗಿ ಹಾಸಿಗೆಗೆ ಬಲವಾಗಿ ಒತ್ತುತ್ತದೆ. ಕೈ ನಡುಗುವವರಿಗೆ ಇನ್ನೊಂದು ಕೈಯಲ್ಲಿ ತಾಳ ಹಾಕಲು ಹೇಳಿದರೆ ನಡುಕ ನಿಲ್ಲುತ್ತದೆ, ಇಲ್ಲವೇ ಆ ತಾಳದ ಲಯಕ್ಕೇ ಬಂದುಬಿಡುತ್ತದೆ. ಫಿಟ್ಸ್ ವಿಷಯದಲ್ಲಿ ಅತ್ಯಂತ ನಂಬಲರ್ಹವಾದುದು ವಿಡಿಯೊ ಇಇಜಿ: ಫಿಟ್ಸ್ ಬಂದಿರುವಾಗಲೇ ದೃಶ್ಯವನ್ನೂ ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ಒಟ್ಟಿಗೆ ದಾಖಲಿಸಿ ನೋಡುವುದು. ಎರಡು ಫಿಟ್ಸ್‌ಗಳ ನಡುವಿನ ಬಿಡುವಿನಲ್ಲಿ ತೆಗೆದ ಸಾಮಾನ್ಯ ಇಇಜಿ ಇದಕ್ಕೆ ಸಾಲದು.

ಮುಂದೆ ಬೇರೆ ಏನಾದರೂ ದೊಡ್ಡ ಕಾಯಿಲೆ ಹೊರಬಿದ್ದರೆ ಎಂಬ ಭಯ ಮನೆಯವರಿಗಿರುತ್ತದೆ. ಲಂಡನ್ನಿನ ಮನೋವೈದ್ಯ ಎಲಿಯಟ್ ಸ್ಲೇಟರ್ 1965ರಲ್ಲಿ ಬರೆದ ಲೇಖನವೊಂದು ಹಿಸ್ಟೀರಿಯಾ ಎಂದು ಹೆಸರಿಸಿದವರಲ್ಲಿ ದೊಡ್ಡ ಪಾಲಿಗೆ ಮುಂದೆ ನರರೋಗವೇ ಕಂಡುಬಂತೆಂದು ಹೇಳಿ, ವೈದ್ಯರಲ್ಲೇ ಈ ಭಯವನ್ನು ದಶಕಗಳ ಕಾಲ ಉಳಿಸಿತು. ನರರೋಗ ತಜ್ಞ ಜಾನ್ ಸ್ಟೋನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 1970ರ ದಶಕದಿಂದೀಚೆಗೆ ಹೀಗೆ ತಪ್ಪಿದ ಪ್ರಮಾಣ ಶೇಕಡ 4ರಷ್ಟು ಮಾತ್ರ. ಹಾಗಿದ್ದರೂ ಒಬ್ಬರಲ್ಲೇ ಮೂರ್ಛೆರೋಗವೂ ಈ ಬಗೆಯ ಫಿಟ್ಸೂ ಜೊತೆಯಾಗಿ ಇರಬಹುದು. ಆದ್ದರಿಂದ ನರರೋಗ ತಜ್ಞರು ರೋಗಿಯನ್ನು ನಮ್ಮ ಕಡೆಗೆ ಕಳಿಸಿದ ಮೇಲೂ ಕೈಬಿಡಬಾರದು, ಮತ್ತು ಮೂರ್ಛೆಯ ಮಾತ್ರೆಗಳನ್ನು ಕಡಿಮೆ ಮಾಡುವುದಿದ್ದರೆ ಅದನ್ನು ಅವರೇ ನಿರ್ಧರಿಸಿ ಹಂತಹಂತವಾಗಿ ಮಾಡಬೇಕು.

ಮಾನಸಿಕ ಚಿಕಿತ್ಸೆ ನನ್ನ ಕೊಠಡಿಯಲ್ಲಿ ಆರಂಭವಾಗುತ್ತದೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಅದು ಅದಕ್ಕೂ ಮೊದಲು, ನರರೋಗ ತಜ್ಞರು ರೋಗದ ಹೆಸರು ಹೇಳುವ ಆ ಕೆಲವು ನಿಮಿಷಗಳಲ್ಲೇ ಆರಂಭವಾಗಿರುತ್ತದೆ, ಅಥವಾ ಕೆಟ್ಟಿರುತ್ತದೆ. ‘ಏನೂ ಇಲ್ಲಮ್ಮ, ಎಲ್ಲಾ ನಾರ್ಮಲ್, ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿದ ರೋಗಿಯೊಡನೆ ನನ್ನ ಮೊದಲ ಭೇಟಿಯೆಲ್ಲ ಆ ಮಾತನ್ನು ಒರೆಸುವುದರಲ್ಲೇ ಕಳೆಯುತ್ತದೆ. ಏನೂ ಇಲ್ಲವಾದರೆ ಬೀಳುತ್ತಿರುವುದು ಏನು ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಮನೆಯವರು ಇನ್ನೊಂದು ಊರಿನ ಇನ್ನೊಂದು ಸ್ಕ್ಯಾನಿಂಗಿಗೆ ಹಣ ಹೊಂದಿಸುತ್ತಾರೆ. ಅದರ ಬದಲು ವೈದ್ಯರು ಹೂವರ್ ಕುರುಹನ್ನು ರೋಗಿಗೇ ತೋರಿಸಿ, ‘ನೋಡಿ, ನೀವು ಮನಸ್ಸಿಟ್ಟು ಒತ್ತಲು ಹೋದಾಗ ಕಾಲು ಕೇಳುವುದಿಲ್ಲ, ಗಮನ ಇನ್ನೊಂದು ಕಾಲಿನ ಮೇಲೆ ಹೋದಾಗ ಇದೇ ಕಾಲು ಒತ್ತುತ್ತದೆ, ಎಂದರೆ ನರವೂ ಸ್ನಾಯುವೂ ಸರಿಯಾಗಿವೆ, ಅವುಗಳಿಗೆ ಅಪ್ಪಣೆ ತಲುಪುವ ಕ್ರಮ ತಪ್ಪಿದೆ, ಇದಕ್ಕೆ ಹೆಸರಿದೆ, ಇದು ಬಹಳ ಜನರಿಗೆ ಬರುತ್ತದೆ, ಸರಿಹೋಗುವ ಸಾಧ್ಯತೆಯೂ ಇದೆ’ ಎಂದು ಹೇಳಿದರೆ, ರೋಗಿಯ ಮುಖದಲ್ಲಿ ಕಾಣುವ ಬದಲಾವಣೆಯೇ ಬೇರೆ. ಎಡಿನ್‌ಬರೊದ ಸ್ಟೋನ್ ಅವರು ಇದನ್ನು ವರ್ಷಗಳಿಂದ ಪ್ರತಿಪಾದಿಸುತ್ತ ಬಂದಿದ್ದಾರೆ. ಫಿಟ್ಸ್ ಇರುವವರಲ್ಲಿ ಕೆಲವರಿಗೆ ಈ ವಿವರಣೆ ಸಿಕ್ಕಿದ ಮೇಲೆಯೇ ಅವು ನಿಂತುಹೋಗುವುದುಂಟು. ಎಲ್ಲರಿಗೂ ಹಾಗಾಗುವುದಿಲ್ಲ, ನಿಂತವರಲ್ಲೂ ಕೆಲವರಿಗೆ ಮತ್ತೆ ಬರುತ್ತವೆ. ಅಲ್ಲಿಂದ ಮುಂದಿನದು ನಮ್ಮ ಕೆಲಸ.

ಗಮನದ ಈ ಪಾತ್ರವನ್ನು ಮನೆಯವರಿಗೆ ಅರ್ಥ ಮಾಡಿಸಲು ನಾನು ಮೆಟ್ಟಿಲಿನ ಮಾತನ್ನು ಹೇಳುತ್ತೇನೆ: ದಿನವೂ ಇಳಿಯುವ ಮೆಟ್ಟಿಲನ್ನೇ, ಯಾವ ಕಾಲು ಮೊದಲು, ಎಲ್ಲಿ ಊರಬೇಕು ಎಂದು ಯೋಚಿಸುತ್ತ ಇಳಿದರೆ ಎಂಥವರೂ ಎಡವುತ್ತಾರೆ. ಮಿದುಳು ತನ್ನ ಪಾಡಿಗೆ ನಡೆಸಬೇಕಾದ ಚಲನೆಯ ಮೇಲೆ ಭಯ ತುಂಬಿದ ಗಮನ ಬಂದು ಕೂತಾಗ, ‘ಈ ಕಾಲು ಏಳುವುದಿಲ್ಲ’ ಎಂಬ ನಿರೀಕ್ಷೆಯೇ ಚಲನೆಗೆ ಅಡ್ಡವಾಗುತ್ತದೆ. ಇಂದಿನ ನರವಿಜ್ಞಾನಿಗಳ ವಿವರಣೆ ಇದಕ್ಕಿಂತ ಬಹಳ ಸೂಕ್ಷ್ಮವಾದುದು. ಚಿಕಿತ್ಸೆ ಆರಂಭಿಸಲು ಇಷ್ಟು ಸಾಕು.

ನೂರು ವರ್ಷಕ್ಕೂ ಹಿಂದಿನ ವಿವರಣೆ ಬೇರೆಯಾಗಿತ್ತು, ಅದರ ನೆರಳು ನಮ್ಮ ಆಸ್ಪತ್ರೆಗಳಿಂದ ಇನ್ನೂ ಸರಿದಿಲ್ಲ. ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗ ತಜ್ಞ ಶಾರ್ಕೊ ಇಂಥ ರೋಗಿಗಳನ್ನು ಸಂಮೋಹನದ ಮೂಲಕ ಅಧ್ಯಯನ ಮಾಡಿದರು. ಅವರಲ್ಲಿ ಕಲಿತು ಹೋದ, ಮುಂದೆ ಮನೋವಿಶ್ಲೇಷಣೆಯನ್ನು ಆರಂಭಿಸಿದ ಫ್ರಾಯ್ಡ್, ವಿಯೆನ್ನಾದ ವೈದ್ಯ ಬ್ರಾಯರ್ ಜೊತೆಗೂಡಿ 1895ರಲ್ಲಿ ಹಿಸ್ಟೀರಿಯಾದ ಬಗ್ಗೆ ಪುಸ್ತಕ ಪ್ರಕಟಿಸಿದರು. ನೆನಪಿನಿಂದ ತಳ್ಳಲ್ಪಟ್ಟ ನೋವು ದೇಹದ ಲಕ್ಷಣವಾಗಿ ಮಾರ್ಪಡುತ್ತದೆ, ಅದನ್ನು ಮಾತಿನಲ್ಲಿ ಹೊರತಂದರೆ ಲಕ್ಷಣ ಕರಗುತ್ತದೆ ಎಂಬುದು ಅದರ ವಾದ. ಆ ಪುಸ್ತಕದಲ್ಲಿ ಆನ್ನಾ ಓ. ಎಂಬ ಹೆಸರಿನಲ್ಲಿ ಬರುವ ಬೆರ್ಥಾ ಪಾಪೆನ್‌ಹೈಮ್ ಗುಣವಾದರೆಂದು ಬರೆದಿದ್ದರೂ, ಬ್ರಾಯರ್ ಆಕೆಗೆ ಕೊಟ್ಟ ಚಿಕಿತ್ಸೆ ಮುಗಿದ ಮೇಲೆ ಆಕೆಯನ್ನು ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತು ಎಂಬುದು ಬಹಳ ಕಾಲದ ನಂತರ ದಾಖಲೆಗಳಿಂದ ತಿಳಿದುಬಂತು. (ಮುಂದೆ ಆಕೆ ಜರ್ಮನಿಯ ಯಹೂದಿ ಮಹಿಳಾ ಚಳವಳಿಯ ನಾಯಕಿಯಾದರು, ಅದನ್ನು ಚಿಕಿತ್ಸೆಯ ಖಾತೆಗೆ ಬರೆಯುವುದು ಕಷ್ಟ.) ಈ ವಾದದಿಂದಲೇ ಬೆಳೆದು ಬಂದದ್ದು ರೋಗಿಗೆ ಥಯೊಪೆಂಟೋನ್ ಎಂಬ ಮಂಪರು ತರುವ ಚುಚ್ಚುಮದ್ದನ್ನು ನಿಧಾನವಾಗಿ ಕೊಟ್ಟು, ಅರೆ ಮಂಪರಿನಲ್ಲಿ ಮಾತಾಡಿಸಿ, ಅಡಗಿದ್ದನ್ನು ಹೊರಗೆ ತೆಗೆಯುವ ಪದ್ಧತಿ. ಭಾರತದ ಮನೋವೈದ್ಯಕೀಯ ವಿಭಾಗಗಳಲ್ಲಿ ಬಹುಕಾಲ ಇದು ರೂಢಿಯಲ್ಲಿತ್ತು. ಹಾಗೆ ಮಾತಾಡಿದ ಮೇಲೆ ಎದ್ದು ನಡೆದವರೂ ಇದ್ದಾರೆ. ಆದರೆ ನೆಚ್ಚಬಹುದಾದ ಪ್ರಯೋಗಗಳ ಬೆಂಬಲ ಅದಕ್ಕಿಲ್ಲ, ಉಸಿರಾಟಕ್ಕೆ ತೊಂದರೆಯಾಗುವ ಅಪಾಯ ಇದ್ದೇ ಇದೆ, ಮತ್ತು ಅರೆ ಎಚ್ಚರದಲ್ಲಿರುವ ಹೆಣ್ಣುಮಗಳ ಬಾಯಿಂದ ಗುಟ್ಟು ತೆಗೆಸುವುದು ನನಗೆ ಒಗ್ಗದ ಮಾತು.

ಎಲ್ಲರಲ್ಲೂ ಅಡಗಿದ ಗುಟ್ಟೊಂದು ಇದ್ದೇ ಇರಬೇಕು ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಬಾಲ್ಯದ ನಿರ್ಲಕ್ಷ್ಯ, ದೌರ್ಜನ್ಯ, ಇತ್ತೀಚಿನ ಆಘಾತ ಇಂಥವು ಈ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತವೆ ಎಂಬುದು ನಿಜ. ಆದರೆ ಅಂಥದ್ದು ಯಾವುದೂ ಇಲ್ಲದವರೂ ಸಾಕಷ್ಟು ಜನರಿದ್ದಾರೆ. ಈ ಕಾರಣದಿಂದಲೇ ಡಿಎಸ್‌ಎಮ್-5 ಮಾನಸಿಕ ಒತ್ತಡ ಇರಲೇಬೇಕೆಂಬ ಹಳೆಯ ನಿಬಂಧನೆಯನ್ನು ಕೈಬಿಟ್ಟಿತು. ಕೆಲವರಿಗೆ ಕಾಲು ಉಳುಕಿದ ಮೇಲೆ, ಕೆಲವರಿಗೆ ಜ್ವರ ಬಂದು ತಲೆಸುತ್ತಿ ಬಿದ್ದ ಮೇಲೆ, ಕೆಲವರಿಗೆ ನಿಜವಾದ ಮೂರ್ಛೆರೋಗದ ಜೊತೆಗೇ ಇದು ಶುರುವಾಗುತ್ತದೆ. ಮನೆಯಲ್ಲಿ ಯಾವ ಜಗಳವೂ ಇಲ್ಲದ ಹುಡುಗಿಯನ್ನು ಕೂರಿಸಿಕೊಂಡು ‘ಲವ್ ಇದೆಯಾ? ಹೇಳು, ಯಾರಿಗೂ ಹೇಳಲ್ಲ’ ಎಂದು ಪದೇಪದೇ ಕೇಳುವುದು ಚಿಕಿತ್ಸೆಯಲ್ಲ.

ಹಾಗಾದರೆ ಚಿಕಿತ್ಸೆ ಯಾವುದು? ಹೆಚ್ಚು ಅಧ್ಯಯನ ನಡೆದಿರುವುದು ಅರಿವು-ವರ್ತನಾ ಚಿಕಿತ್ಸೆಯ ಮೇಲೆ. ಸಿಬಿಟಿ ಎಂಬ ಹೆಸರಿನಿಂದ ಅದು ಹೆಚ್ಚು ಪರಿಚಿತ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಒಬ್ಬ ಹುಡುಗಿಯ ಮೂಲಕ ಹೇಳುತ್ತೇನೆ. ಈಕೆ ಯಾರೊಬ್ಬರೂ ಅಲ್ಲ. ಹಲವರ ಸಂಗತಿಗಳನ್ನು ಸೇರಿಸಿ, ಗುರುತು ಸಿಗದಂತೆ ಕಟ್ಟಿದ್ದೇನೆ. ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ, ಹಳ್ಳಿಯಿಂದ ಬಸ್ಸಿನಲ್ಲಿ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಒಮ್ಮೆ ಉಸಿರುಗಟ್ಟಿದಂತಾಗಿ ಬಿದ್ದಳು. ಆಮೇಲೆ ಕಾಲೇಜಿನಲ್ಲಿ, ಮನೆಯಲ್ಲಿ, ಕೊನೆಗೆ ದೇವಸ್ಥಾನದಲ್ಲಿ. ಕಣ್ಣು ಮುಚ್ಚಿರುತ್ತದೆ, ಕೈಕಾಲು ಅದುರುತ್ತದೆ, ಹತ್ತು ಹದಿನೈದು ನಿಮಿಷ ಎಚ್ಚರವಿರುವುದಿಲ್ಲ. ಮೂರ್ಛೆಯ ಎರಡು ಬಗೆಯ ಮಾತ್ರೆಗಳು ನಡೆಯುತ್ತಿದ್ದವು. ವಿಡಿಯೊ ಇಇಜಿ ಆದ ಮೇಲೆ ಇದು ಮೂರ್ಛೆರೋಗವಲ್ಲವೆಂದು ಖಚಿತವಾಯಿತು. ಅಷ್ಟರಲ್ಲಿ ಕಾಲೇಜು ನಿಂತಿತ್ತು. ‘ಬಚ್ಚಲಿಗೂ ಒಬ್ಬಳನ್ನೇ ಬಿಡಲ್ಲ ಮೇಡಂ, ಬಾಗಿಲ ಹತ್ರ ನಾನೇ ನಿಂತಿರ್ತೀನಿ’ ಎಂದು ತಾಯಿ ಹೇಳಿದ್ದನ್ನು ನಾನು ಮೊದಲ ದಿನವೇ ಕಡತದಲ್ಲಿ ಬರೆದುಕೊಳ್ಳುತ್ತೇನೆ, ಏಕೆಂದರೆ ಮುಂದೆ ಚಿಕಿತ್ಸೆಯ ಅರ್ಧ ಭಾಗ ಆ ಬಚ್ಚಲ ಬಾಗಿಲಲ್ಲೇ ನಡೆಯಬೇಕಾಗುತ್ತದೆ.

ಮೊದಲ ಕೆಲಸ ದಾಖಲೆ. ಪ್ರತಿ ಸಲ ಬಂದಾಗ ಅದಕ್ಕೆ ಸ್ವಲ್ಪ ಮೊದಲು ಎಲ್ಲಿದ್ದಳು, ಏನು ಮಾಡುತ್ತಿದ್ದಳು, ಮೈಯಲ್ಲಿ ಮೊದಲು ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಶುರುವಿನಲ್ಲಿ ಹೆಚ್ಚಿನವರು ‘ಏನೂ ಗೊತ್ತಾಗಲ್ಲ, ಇದ್ದಕ್ಕಿದ್ದಂತೆ ಬರತ್ತೆ’ ಎನ್ನುತ್ತಾರೆ. ಕೆಲವು ವಾರ ಬರೆದ ಮೇಲೆ, ಕಿವಿಯಲ್ಲಿ ಗುಂಯ್ ಎನ್ನುವುದು, ಎದೆ ಬಡಿತ ಜೋರಾಗುವುದು, ಬೆರಳ ತುದಿ ಜೋಮು ಹಿಡಿಯುವುದು, ಸುತ್ತಲಿನವರು ದೂರ ಸರಿದಂತೆ ಅನ್ನಿಸುವುದು ಇಂಥ ಏನೋ ಒಂದು ಸಿಗುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಮಾಡಬೇಕಾದುದನ್ನು ಕಲಿಸುವುದು ಎರಡನೆಯ ಹಂತ. ಗಮನವನ್ನು ಮೈಯ ಒಳಗಿನಿಂದ ಹೊರಕ್ಕೆ ಎಳೆಯಬೇಕು: ಪಾದವನ್ನು ನೆಲಕ್ಕೆ ಒತ್ತಿ ಅದರ ತಂಪನ್ನು ಗಮನಿಸುವುದು, ಒರಟಾದ ವಸ್ತುವೊಂದನ್ನು ಬೆರಳಲ್ಲಿ ತಿಕ್ಕುವುದು, ಎದುರಿಗಿರುವ ಬಣ್ಣಗಳನ್ನು ಗಟ್ಟಿಯಾಗಿ ಹೇಳುವುದು, ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದು. ಇದನ್ನು ಫಿಟ್ಸ್ ಬಂದಾಗ ಮಾಡಿ ನೋಡೋಣ ಎಂದರೆ ಆಗುವುದಿಲ್ಲ. ದಿನವೂ ಆರಾಮಾಗಿರುವಾಗ ಅಭ್ಯಾಸ ಮಾಡಿದರಷ್ಟೇ ಆ ಗಳಿಗೆಗೆ ಒದಗುತ್ತದೆ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ, ಮನೆಯವರಿಗೆ ಎಲ್ಲಕ್ಕಿಂತ ಕಷ್ಟ: ಬಿಟ್ಟದ್ದನ್ನೆಲ್ಲ ಮತ್ತೆ ಹಿಡಿಯುವುದು. ಬೀಳುತ್ತೇನೆಂಬ ಭಯದಿಂದ ಬಸ್ಸು ಬಿಟ್ಟಿದ್ದಾಳೆ, ಬಸ್ಸು ಬಿಟ್ಟದ್ದರಿಂದ ಭಯ ಹೆಚ್ಚಾಗಿದೆ, ಭಯ ಹೆಚ್ಚಾದಷ್ಟೂ ಮೈಯ ಸಣ್ಣಪುಟ್ಟ ಬದಲಾವಣೆಗಳ ಮೇಲೆ ಕಣ್ಣಿಟ್ಟಿರುತ್ತಾಳೆ, ಹಾಗೆ ಕಣ್ಣಿಟ್ಟಷ್ಟೂ ಫಿಟ್ಸ್ ಹತ್ತಿರವಾಗುತ್ತದೆ. ಈ ಸುತ್ತನ್ನು ಬಿಡಿಸಲು ಮೊದಲು ಬಚ್ಚಲ ಬಾಗಿಲಿಂದ ತಾಯಿ ಪಡಸಾಲೆಗೆ ಹೋಗಬೇಕು, ಆಮೇಲೆ ಹಿತ್ತಲಿಗೆ. ಹುಡುಗಿ ಮೊದಲು ಅಂಗಡಿಗೆ ಹೋಗಬೇಕು, ಆಮೇಲೆ ಗೆಳತಿಯೊಡನೆ ಬಸ್ಸಿನಲ್ಲಿ ಒಂದು ನಿಲ್ದಾಣ, ಕೊನೆಗೆ ಒಬ್ಬಳೇ ಕಾಲೇಜಿಗೆ. ಪೂರ್ತಿ ಗುಣವಾದ ಮೇಲೆ ಕಾಲೇಜಿಗೆ ಕಳಿಸುತ್ತೇವೆ ಎನ್ನುವ ಮನೆಯವರಿಗೆ, ಕಾಲೇಜಿಗೆ ಹೋಗುವುದೇ ಗುಣವಾಗುವ ದಾರಿ ಎಂದು ಹೇಳಬೇಕಾಗುತ್ತದೆ. ಒಪ್ಪಿಸಲು ಒಂದು ಭೇಟಿ ಸಾಲುವುದಿಲ್ಲ. ಇಷ್ಟಾದ ಮೇಲೆ, ಆಕೆ ತಾನಾಗಿ ಹೇಳಲು ಮುಂದಾದರೆ ಮಾತ್ರ, ಹಳೆಯ ನೋವುಗಳ ಮಾತು. ಮೈಮೇಲೆ ಸ್ವಲ್ಪ ಹಿಡಿತ ಬರುವ ಮೊದಲೇ ಅವನ್ನು ಕೆದಕಿದರೆ ಫಿಟ್ಸ್ ಹೆಚ್ಚುವುದನ್ನು ನೋಡಿದ್ದೇನೆ.

ಇದರಿಂದ ಫಲ ಎಷ್ಟು? ಇಲ್ಲಿ ಪ್ರಾಮಾಣಿಕವಾಗಿರಬೇಕು, ಏಕೆಂದರೆ ನಮ್ಮ ವೃತ್ತಿಯವರು ಇದನ್ನು ಹಿಗ್ಗಿಸಿ ಹೇಳುವುದುಂಟು. ಅಮೆರಿಕದಲ್ಲಿ ಲಾಫ್ರಾನ್ಸ್ ಮತ್ತು ಸಂಗಡಿಗರು 38 ಜನರನ್ನು ನಾಲ್ಕು ಗುಂಪು ಮಾಡಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಬಿಟಿ ಮಾದರಿಯ ಚಿಕಿತ್ಸೆ ಪಡೆದ ಗುಂಪಿನಲ್ಲಿ ಫಿಟ್ಸ್ ಸುಮಾರು ಅರ್ಧದಷ್ಟು ಇಳಿಯಿತು. ಗುಂಪುಗಳು ಚಿಕ್ಕವು, ಆದರೆ ಭರವಸೆ ಹುಟ್ಟಿಸುವ ಫಲ. ಬ್ರಿಟನ್ನಿನಲ್ಲಿ ಲಾರಾ ಗೋಲ್ಡ್‌ಸ್ಟೈನ್ ನೇತೃತ್ವದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಕೋಡ್ಸ್ ಪ್ರಯೋಗ ಈ ಕ್ಷೇತ್ರದಲ್ಲಿ ಬಹಳ ದೊಡ್ಡದು: 368 ಜನ. ಎಲ್ಲರಿಗೂ ಕ್ರಮಬದ್ಧವಾದ ವೈದ್ಯಕೀಯ ಆರೈಕೆ ಸಿಕ್ಕಿತು; ಅರ್ಧದಷ್ಟು ಜನರಿಗೆ ಅದರ ಜೊತೆಗೆ 12 ಭೇಟಿಗಳ ಸಿಬಿಟಿ ಮತ್ತು ಆಮೇಲೆ ಒಂದು ಹೆಚ್ಚುವರಿ ಭೇಟಿ. ಒಂದು ವರ್ಷದ ನಂತರ, ತಿಂಗಳಿಗೆ ಎಷ್ಟು ಫಿಟ್ಸ್ ಎಂಬ ಮುಖ್ಯ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ನೆಚ್ಚಬಹುದಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಫಿಟ್ಸ್ ಇಲ್ಲದೆ ಸತತವಾಗಿ ಕಳೆದ ಅವಧಿ, ಅದು ಬಂದಾಗ ಆಗುವ ಕಾಟ, ದಿನನಿತ್ಯದ ಕೆಲಸಕಾರ್ಯ, ಮನಸ್ಸಿನ ಸಂಕಟ ಮುಂತಾದ ಹಲವು ಅಳತೆಗಳಲ್ಲಿ ಸಿಬಿಟಿ ಪಡೆದವರು ಮೇಲಿದ್ದರು.

ಈ ಫಲಿತಾಂಶವನ್ನು ಸೋಲು ಎಂದು ಓದುವ ವೈದ್ಯರೂ ಇದ್ದಾರೆ, ಗೆಲುವು ಎಂದು ಓದುವ ಮನಶ್ಶಾಸ್ತ್ರಜ್ಞರೂ ಇದ್ದಾರೆ. ನನಗೆ ಎರಡೂ ಸರಿಯೆನಿಸುವುದಿಲ್ಲ. ಮುಖ್ಯ ಅಳತೆಯೆಂದು ಮೊದಲೇ ಸಾರಿದ್ದರಲ್ಲಿ ವ್ಯತ್ಯಾಸ ಕಾಣದಿದ್ದಾಗ, ಅದನ್ನು ಸರಿಸಿಟ್ಟು ಉಳಿದ ಅಳತೆಗಳನ್ನು ಮೆರೆಸುವುದು ವಿಜ್ಞಾನದ ರೀತಿಯಲ್ಲ. ಹಾಗೆಂದು ತಿಂಗಳಿಗೆ ಎಷ್ಟು ಸಲ ಎಂಬ ಲೆಕ್ಕವೇ ರೋಗಿಯ ಬದುಕಿನ ಅಳತೆಯೂ ಅಲ್ಲ. ಫಿಟ್ಸ್ ಮೊದಲಿನಷ್ಟೇ ಬಂದರೂ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಪರೀಕ್ಷೆ ಬರೆದವಳು, ಫಿಟ್ಸ್ ಕಡಿಮೆಯಾಗಿ ಮನೆಯಲ್ಲೇ ಕುಳಿತವಳಿಗಿಂತ ಉತ್ತಮ ಸ್ಥಿತಿಯಲ್ಲಿದ್ದಾಳೆ ಎಂದು ನಾನು ನಂಬುತ್ತೇನೆ. ಇನ್ನೊಂದು ಸಂಗತಿ ಗಮನಕ್ಕೆ ಬರಬೇಕು: ಆ ಪ್ರಯೋಗದಲ್ಲಿ ಸಿಬಿಟಿ ಇಲ್ಲದ ಗುಂಪಿನವರಿಗೂ ತಜ್ಞರಿಂದ ತಾಳ್ಮೆಯ ವಿವರಣೆ, ಬರೆದ ಮಾಹಿತಿ, ಮುಂದಿನ ಭೇಟಿ ಎಲ್ಲವೂ ಸಿಕ್ಕಿದ್ದವು. ನಮ್ಮಲ್ಲಿ ಹೆಚ್ಚಿನವರಿಗೆ ಸಿಗದಿರುವುದು ಅದೇ. ಈ ರೋಗಕ್ಕೆ ಕೊಡುವ ಮಾನಸಿಕ ಮತ್ತು ಸಾಮಾಜಿಕ ಚಿಕಿತ್ಸೆಗಳನ್ನೆಲ್ಲ ಒಟ್ಟಾಗಿ ತೂಗಿದ, ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 17 ಅಧ್ಯಯನಗಳ 894 ಜನರ ಮಾಹಿತಿಯನ್ನು ನೋಡಿ, ಸಾಕ್ಷ್ಯದ ಗುಣಮಟ್ಟ ಕಡಿಮೆಯೆಂದೂ ಯಾವುದೇ ಒಂದು ಚಿಕಿತ್ಸೆಯ ಪರವಾಗಿ ಗಟ್ಟಿಯಾಗಿ ಹೇಳಲಾಗದೆಂದೂ ತೀರ್ಮಾನಿಸಿತು. ನೂರ ಮೂವತ್ತು ವರ್ಷಗಳಷ್ಟು ಮಾತು ಬೆಳೆದಿರುವ ಕಾಯಿಲೆಗೆ ಕ್ರಮಬದ್ಧ ಪ್ರಯೋಗಗಳು ಇಷ್ಟೇ ಎಂಬುದು ನಮ್ಮ ಕ್ಷೇತ್ರಕ್ಕೆ ಮರ್ಯಾದೆ ತರುವ ವಿಷಯವಲ್ಲ.

ಉಳಿದ ಪದ್ಧತಿಗಳ ಬಗ್ಗೆ ಚುಟುಕಾಗಿ ಹೇಳಬಹುದು. ಸಂಮೋಹನದ ಮೇಲೆ ನೆದರ್‌ಲೆಂಡ್ಸ್‌ನ ಮೂನೆ ಮತ್ತು ಸಂಗಡಿಗರು 2002 ಮತ್ತು 2003ರಲ್ಲಿ ಎರಡು ಪ್ರಯೋಗಗಳನ್ನು ಪ್ರಕಟಿಸಿದರು: ಚಿಕಿತ್ಸೆಗಾಗಿ ಕಾಯುತ್ತಿದ್ದವರಿಗೆ ಹೋಲಿಸಿದರೆ ಸಂಮೋಹನ ಪಡೆದ ಹೊರರೋಗಿಗಳು ಸುಧಾರಿಸಿದರು, ಆದರೆ ಆಸ್ಪತ್ರೆಯಲ್ಲೇ ಉಳಿದು ಸಮಗ್ರ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಸಂಮೋಹನ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಫಿಟ್ಸನ್ನು ತಡೆಯುವ ಬದಲು ಬೇಕೆಂದೇ ಬರಿಸಿಕೊಳ್ಳಲು ಹೇಳುವ ವಿರೋಧಾಭಾಸದ ಪದ್ಧತಿಯನ್ನು ಟರ್ಕಿಯಲ್ಲಿ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ. ಸಂಬಂಧಗಳಲ್ಲಿ ಮರುಕಳಿಸುವ ತೊಡಕುಗಳನ್ನು ನೋಡುವ ಮನೋಗತಿಕ ಚಿಕಿತ್ಸೆಯನ್ನು, ತಿಂಗಳುಗಟ್ಟಲೆ ಬರಬಲ್ಲ ಕೆಲವರಿಗೆ, ನಾನು ಇಂದಿಗೂ ಸೂಚಿಸುತ್ತೇನೆ. ಖಿನ್ನತೆ, ಆತಂಕ, ಆಘಾತದ ನಂತರದ ತೊಂದರೆಗಳು ಜೊತೆಗಿದ್ದರೆ ಅವಕ್ಕೆ ಮಾತ್ರೆ ಬೇಕಾಗಬಹುದು, ಸಾವಿನ ಯೋಚನೆಗಳ ಬಗ್ಗೆ ನೇರವಾಗಿ ಕೇಳಲೇಬೇಕು. ಆದರೆ ಕನ್ವರ್ಷನ್ ಲಕ್ಷಣವನ್ನೇ ನಿವಾರಿಸುವ ಮಾತ್ರೆ ಇಲ್ಲ.

ಕಾಲಿನ ಬಲ ಹೋದವರಿಗೆ ಮತ್ತು ನಡಿಗೆ ತಪ್ಪಿದವರಿಗೆ ಮಾತು ಒಂದೇ ಸಾಲದು. ಈ ರೋಗವನ್ನು ಬಲ್ಲ ಫಿಸಿಯೊಥೆರಪಿಸ್ಟ್ ಬೇಕು. ಲಕ್ವ ಹೊಡೆದವರಿಗೆ ಮಾಡಿಸುವ ವ್ಯಾಯಾಮ ಇದಲ್ಲ. ಅಲ್ಲಿ ರೋಗಿಯ ಗಮನವನ್ನು ಬಲವಿಲ್ಲದ ಅಂಗದ ಮೇಲೆ ತರುತ್ತಾರೆ. ಇಲ್ಲಿ ಗಮನವನ್ನು ಅಲ್ಲಿಂದ ತಪ್ಪಿಸಬೇಕು. ಮುಂದಕ್ಕೆ ನಡೆಯಲಾಗದವರು ಹಿಂದಕ್ಕೆ ನಡೆಯಬಲ್ಲರು, ಪಕ್ಕಕ್ಕೆ ಹೆಜ್ಜೆ ಹಾಕಬಲ್ಲರು, ಕೆಲವರು ಲಯಕ್ಕೆ ಸರಿಯಾಗಿ ಹೆಜ್ಜೆ ಇಡಬಲ್ಲರು. ಅಲ್ಲಿಂದ ಆರಂಭಿಸಿ ಸಹಜ ನಡಿಗೆಗೆ ಬರುತ್ತಾರೆ. ಬ್ರಿಟನ್ನಿನಲ್ಲಿ 355 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಹೆಚ್ಚುಕಡಿಮೆ ಕೋಡ್ಸ್‌ನದೇ ಕಥೆ: ದೈಹಿಕ ಸಾಮರ್ಥ್ಯದ ಮುಖ್ಯ ಅಳತೆಯಲ್ಲಿ ಸಾಮಾನ್ಯ ಫಿಸಿಯೊಥೆರಪಿಗೂ ಇದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ತಾವು ಸುಧಾರಿಸಿದ್ದೇವೆಂದು ಹೇಳಿದವರು ವಿಶೇಷ ಚಿಕಿತ್ಸೆಯ ಗುಂಪಿನಲ್ಲಿ ಹೆಚ್ಚಾಗಿದ್ದರು.

ಇನ್ನು ಮಾಡಬಾರದ್ದರ ಬಗ್ಗೆ. ತುರ್ತು ಚಿಕಿತ್ಸಾ ಘಟಕಗಳಲ್ಲಿ ಇಂಥ ರೋಗಿ ಬಂದಾಗ ಮೂಗಿಗೆ ಅಮೋನಿಯಾ ಹಿಡಿಯುವುದು, ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿ ಉಜ್ಜುವುದು, ‘ಸಾಕು ನಾಟಕ, ಏಳು’ ಎನ್ನುವುದು ಇಂದಿಗೂ ನಡೆಯುತ್ತದೆ. ನೋವಿಗೆ ಎಚ್ಚರವಾದರೆ ನಟನೆ ಸಾಬೀತಾಯಿತೆಂದು ತಿಳಿಯುತ್ತಾರೆ. ಆದರೆ ನಟನೆಯನ್ನು ಸಾಬೀತು ಮಾಡುವ ಪರೀಕ್ಷೆ ಅದಲ್ಲವೇ ಅಲ್ಲ. ಈ ಕ್ರೌರ್ಯವನ್ನು ಅನುಭವಿಸಿದವರು ಮುಂದೆ ಬಿಳಿ ಕೋಟು ಕಂಡರೆ ನಡುಗುತ್ತಾರೆ. ನಮ್ಮ ವಿಭಾಗಗಳಲ್ಲೇ ಹಳೆಯ ಪಾಠವೊಂದಿದೆ: ಕಾಯಿಲೆಯಿಂದ ರೋಗಿಗೆ ಸಿಗುವ ಆರೈಕೆ, ಕೆಲಸದಿಂದ ಬಿಡುವು ಮುಂತಾದ ಲಾಭಗಳನ್ನು ನಿಲ್ಲಿಸಿ ಎಂದು ಮನೆಯವರಿಗೆ ಹೇಳುವುದು. ಮನೆಯವರು ಅದನ್ನು ಕೇಳಿಸಿಕೊಳ್ಳುವುದು ‘ಅವಳನ್ನು ಮಾತಾಡಿಸಬೇಡಿ’ ಎಂದು. ನಾನು ಆ ಪಾಠವನ್ನು ತಿರುಗಿಸಿ ಹೇಳುತ್ತೇನೆ: ಫಿಟ್ಸ್ ಬಂದಾಗ ಗದ್ದಲ ಬೇಡ, ಫಿಟ್ಸ್ ಇಲ್ಲದಾಗ ಪ್ರೀತಿ, ಮಾತು, ಗಮನ ಎಲ್ಲವೂ ಮೊದಲಿಗಿಂತ ಹೆಚ್ಚಿರಲಿ. ಅತ್ತೆಮನೆಯಲ್ಲಿ ಬಿದ್ದಾಗ ಮಾತ್ರ ತವರಿಗೆ ಹೋಗಲು ಸಿಗುವ ಸೊಸೆಗೆ, ಬೀಳದೆಯೂ ತವರಿಗೆ ಹೋಗಿಬರುವ ದಾರಿ ಮಾಡಿಕೊಡುವುದು, ಅದನ್ನು ಗಂಡನೊಡನೆ ಕುಳಿತು ಒಪ್ಪಿಸುವುದು, ಇದೂ ಚಿಕಿತ್ಸೆಯೇ.

ಫಿಟ್ಸ್ ಬಂದಾಗ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಹತ್ತು ಜನ ಸೇರಿ ಕೈಕಾಲು ಅದುಮಿ ಹಿಡಿಯುವುದು ಬೇಡ. ತಲೆಯ ಅಡಿಗೆ ಮೆತ್ತನೆಯದೇನಾದರೂ ಇಟ್ಟು, ಪೆಟ್ಟಾಗುವ ವಸ್ತುಗಳನ್ನು ಸರಿಸಿ, ಪಕ್ಕದಲ್ಲಿ ಕುಳಿತು ಸಮಾಧಾನದ ದನಿಯಲ್ಲಿ ‘ನಾನಿಲ್ಲೇ ಇದ್ದೀನಿ, ಈಗ ನಿಲ್ಲತ್ತೆ’ ಎಂದರೆ ಸಾಕು. ರೋಗನಿರ್ಣಯ ಇನ್ನೂ ಆಗಿಲ್ಲದಿದ್ದರೆ, ಫಿಟ್ಸ್ ಎಂದಿನಂತಿಲ್ಲದಿದ್ದರೆ, ಪೆಟ್ಟಾಗಿದ್ದರೆ, ಉಸಿರಾಟದಲ್ಲಿ ತೊಂದರೆ ಕಂಡರೆ ಆಸ್ಪತ್ರೆಗೆ ಹೋಗಲೇಬೇಕು. ಮೂರ್ಛೆರೋಗವೂ ಜೊತೆಗಿರುವವರಿಗೆ ಎರಡರ ನಡುವಿನ ವ್ಯತ್ಯಾಸವನ್ನು ವೈದ್ಯರು ಮನೆಯವರಿಗೆ ವಿಡಿಯೊ ತೋರಿಸಿ ಕಲಿಸಬೇಕು. ದೇವರು, ಗಾಳಿ, ಮಾಟ ಎಂದು ಹೋಗಿಬರುವವರೊಡನೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಹೊಡೆಯುವುದು, ಉಪವಾಸ ಕೆಡವುವುದು, ಮಾತ್ರೆ ಬಿಡಿಸುವುದು ಈ ಮೂರು ಇರಬಾರದು ಎಂಬುದಷ್ಟೇ ನನ್ನ ಷರತ್ತು. ಹರಕೆ ತೀರಿಸಿ ಸೋಮವಾರ ಬನ್ನಿ ಎಂದರೆ ಬರುತ್ತಾರೆ.

ಕರ್ನಾಟಕದಲ್ಲಿ ಇದೆಲ್ಲ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮನೋವೈದ್ಯಕೀಯ, ಕ್ಲಿನಿಕಲ್ ಸೈಕಾಲಜಿ ವಿಭಾಗಗಳು ಒಂದೇ ಆವರಣದಲ್ಲಿವೆ, ಈ ಕಾಯಿಲೆಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಆದರೆ ಬೀದರಿನಿಂದಲೋ ಕಾರವಾರದಿಂದಲೋ ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಬನ್ನಿ ಎಂದರೆ ಎರಡನೆಯ ಸಲವೇ ನಿಲ್ಲುತ್ತಾರೆ. 1985ರ ಸುಮಾರಿಗೆ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಮಾದರಿಯೇ ಮುಂದೆ ರಾಷ್ಟ್ರದ ಕಾರ್ಯಕ್ರಮವಾಯಿತು. ಅದರಿಂದಾಗಿ ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಒಬ್ಬ ರೋಗಿಗೆ ವಾರಕ್ಕೊಂದು ಗಂಟೆ ಕೊಡಬಲ್ಲ, ಕನ್ನಡದಲ್ಲಿ ಈ ಚಿಕಿತ್ಸೆ ನಡೆಸಬಲ್ಲ ತರಬೇತಿ ಪಡೆದವರ ಕೊರತೆ ಮಾತ್ರ ಹಾಗೆಯೇ ಇದೆ. ನಾನು ಈಗ ಮೊದಲ ಕೆಲವು ಭೇಟಿಗಳನ್ನು ಎದುರಿಗೆ ಕುಳಿತು ಮಾಡಿ, ಉಳಿದವುಗಳಲ್ಲಿ ಕೆಲವನ್ನು ವಿಡಿಯೊ ಕರೆಯಲ್ಲಿ ನಡೆಸುತ್ತೇನೆ. ಸಿಗ್ನಲ್ ಸಿಗುವ ಜಾಗ ಮನೆಯ ಜಗುಲಿಯೇ ಆಗಿದ್ದು, ಅಲ್ಲಿ ಊರೆಲ್ಲ ಕೂತಿರುವಾಗ ಅದೂ ಸುಲಭವಲ್ಲ. ಯಾರನ್ನು ಕಾಣಬೇಕೆಂದೇ ತಿಳಿಯದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.

ಕಾಲೇಜಿಗೆ ಮರಳುವ ಹಂತದಲ್ಲಿ ಪ್ರಾಂಶುಪಾಲರಿಗೆ ಒಂದು ಪತ್ರ ಬೇಕಾಗುತ್ತದೆ. ಅದರಲ್ಲಿ ಕಾಯಿಲೆಯ ಹೆಸರು ಇರಬೇಕೋ ಬೇಡವೋ ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸುತ್ತಾಳೆ, ಹೆಚ್ಚಿನವರು ಬೇಡವೆನ್ನುತ್ತಾರೆ. ಫಿಟ್ಸ್ ಬಂದರೆ ತರಗತಿಯ ಹಿಂಬದಿಯಲ್ಲೋ ಪಕ್ಕದ ಕೊಠಡಿಯಲ್ಲೋ ಒಬ್ಬ ಗೆಳತಿಯೊಡನೆ ಬಿಡಬೇಕು, ಪ್ರತಿ ಸಲವೂ ಆಂಬುಲೆನ್ಸ್ ಕರೆಯಬೇಕಿಲ್ಲ, ಚೇತರಿಸಿಕೊಂಡ ಮೇಲೆ ಮನೆಗೆ ಕಳಿಸದೆ ಮುಂದಿನ ತರಗತಿಗೆ ಕೂರಿಸಬೇಕು, ಯಾವ ಸಂದರ್ಭದಲ್ಲಿ ಮಾತ್ರ ಆಸ್ಪತ್ರೆಗೆ ಒಯ್ಯಬೇಕು — ಇಷ್ಟನ್ನು ಬರೆಯುತ್ತೇನೆ. ಪ್ರಾಂಶುಪಾಲರು ಸಾಮಾನ್ಯವಾಗಿ ಕೇಳುವುದು ಒಂದೇ: ‘ಏನಾದರೂ ಆದರೆ ಜವಾಬ್ದಾರಿ ಯಾರದು?’ ಅದು ನ್ಯಾಯವಾದ ಪ್ರಶ್ನೆಯೇ ಆದ್ದರಿಂದ, ಪತ್ರಕ್ಕೆ ನನ್ನ ಸಹಿಯ ಪಕ್ಕದಲ್ಲಿ ನರರೋಗ ತಜ್ಞರ ಸಹಿಯನ್ನೂ ಹಾಕಿಸಿ, ಇಬ್ಬರ ದೂರವಾಣಿ ಸಂಖ್ಯೆಯನ್ನೂ ಬರೆದು ಕಳಿಸುತ್ತೇನೆ.